ಕೇಳಿದಾಗ ಮೂಡುವ ಚಿತ್ರ

ಶಾಲೆಯ ಗೋಡೆಯ ಮೇಲೆ ತೂಗುಹಾಕಿರುವ ಭೂಪಟವನ್ನು ನೀವೆಲ್ಲರೂ ನೋಡಿರುವಿರಿ. ಅದರಲ್ಲಿ ಕೃಷ್ಣೆಯು ಒಂದು ನೀಲಿಯ ಎಳೆ. ಬೇಸಗೆಯಲ್ಲಿ ನೋಡಿದರೂ ಮಳೆಗಾಲದಲ್ಲಿ ನೋಡಿದರೂ ಆ ಎಳೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಆದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಜನರು ಬಲ್ಲ ಕೃಷ್ಣೆಯೇ ಬೇರೆ. ಮಹಾಬಳೇಶ್ವರದ ಬೆಟ್ಟಗಳಲ್ಲಿ ಹುಟ್ಟಿದ ಈ ನದಿ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ನಮ್ಮ ನಾಡನ್ನು ಪ್ರವೇಶಿಸುತ್ತದೆ. ವೇದಗಂಗೆಯ ನೀರನ್ನು ಹೊತ್ತು ತರುವ ದೂಧಗಂಗೆಯೂ ಮುಂದೆ ಇದನ್ನೇ ಸೇರುತ್ತದೆ. ಪಶ್ಚಿಮ ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರುತ್ತದೆ.

2019ರ ಆಗಸ್ಟ್ ತಿಂಗಳಲ್ಲಿ ಹೀಗೆ ಏರಿದ ನೀರು ಕಬ್ಬಿನ ಹೊಲಗಳನ್ನೂ ಊರುಗಳನ್ನೂ ಆವರಿಸಿತು. ನಿಪ್ಪಾಣಿಯ ಬಳಿಯ ಯಮಗರ್ಣಿಯಲ್ಲಿ ವೇದಗಂಗೆಯು ರಾಷ್ಟ್ರೀಯ ಹೆದ್ದಾರಿಯನ್ನೇರಿ ಸಂಚಾರವನ್ನು ನಿಲ್ಲಿಸಿತು. 2021ರ ಜುಲೈ ತಿಂಗಳಲ್ಲಿಯೂ ಹಾಗೆಯೇ ಆಯಿತು. ಅಂಥ ದಿನಗಳಲ್ಲಿ ಹೊಳೆಸಾಲಿನ ಮನೆಮನೆಯಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: “ನೀರು ಈಗ ಎಲ್ಲಿಯವರೆಗೆ ಬಂದಿದೆ?” ಗೋಡೆಯ ಭೂಪಟವು ಇದಕ್ಕೆ ಉತ್ತರ ಕೊಡಲಾರದು. ಕೇಳಿದ ಗಳಿಗೆಯಲ್ಲಿ ಹೊಸದಾಗಿ ಮೂಡುವ ಚಿತ್ರವೊಂದು ಬೇಕು.

ಗಣಕಯಂತ್ರದ ತೆರೆಯ ಮೇಲೆ ನಾವು ಕಾಣುವ ಚಿತ್ರಗಳಲ್ಲಿ ಎರಡು ಬಗೆ. ನಮ್ಮ ಅಡುಗೆಮನೆಯಲ್ಲಿ ಖಡಕ್ ರೊಟ್ಟಿಯನ್ನು ಮೊದಲೇ ಮಾಡಿ ಅಡುಕಿ ಇಡುತ್ತಾರೆ. ಬಂದವರಿಗೆಲ್ಲ ಅದನ್ನೇ ತೆಗೆದು ಬಡಿಸುತ್ತಾರೆ. ಬಿಸಿರೊಟ್ಟಿಯಾದರೋ ಉಣ್ಣುವವರು ಬಂದು ಕುಳಿತ ಮೇಲೆಯೇ ಹಂಚಿನ ಮೇಲೆ ಬೇಯುತ್ತದೆ. ಮೊದಲೇ ತೆಗೆದಿಟ್ಟ ಛಾಯಾಚಿತ್ರವು ಖಡಕ್ ರೊಟ್ಟಿಯಂತೆ. ಪ್ರವಾಹದ ನಕ್ಷೆಯು ಬಿಸಿರೊಟ್ಟಿಯಂತೆ. ನೋಡುವವನು ಕೇಳುವವರೆಗೆ ಆ ಚಿತ್ರವು ಎಲ್ಲಿಯೂ ಇರುವುದಿಲ್ಲ.

ಬರಹದ ನಡುವೆಯೇ ಚಿತ್ರವನ್ನು ತೋರಿಸುವ ರೂಢಿಯನ್ನು ಜನಪ್ರಿಯಗೊಳಿಸಿದ್ದು 1993ರಲ್ಲಿ ಬಂದ ಮೊಸಾಯಿಕ್ ಎಂಬ ಬ್ರೌಸರ್. ನಕ್ಷೆಯನ್ನು ಕೇಳುವುದಕ್ಕೂ ಕಳುಹಿಸುವುದಕ್ಕೂ ಎಲ್ಲರೂ ಒಪ್ಪುವ ಒಂದು ಕ್ರಮವು ‘ವೆಬ್ ಮ್ಯಾಪ್ ಸರ್ವಿಸ್’ ಎಂಬ ಹೆಸರಿನಲ್ಲಿ 2000ದಲ್ಲಿ ಪ್ರಕಟವಾಯಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2009ರಲ್ಲಿ ಆರಂಭಿಸಿದ ‘ಭುವನ್’ ತಾಣವೂ ಇದೇ ಬಗೆಯಲ್ಲಿ ನಕ್ಷೆಗಳನ್ನು ಒದಗಿಸುತ್ತದೆ.

ನಕ್ಷೆಯನ್ನು ಕೇಳುವ ಬಗೆ ಹೇಗೆ? ಜಾಲಪುಟದ ಚೌಕಟ್ಟು ದೂರದ ಸರ್ವರ್‌ಗೆ ಒಂದು ಬೇಡಿಕೆಯನ್ನು ಕಳುಹಿಸುತ್ತದೆ. ಅದರಲ್ಲಿ ಪ್ರದೇಶದ ನಾಲ್ಕು ಎಲ್ಲೆಗಳು, ಚಿತ್ರದ ಅಗಲ ಮತ್ತು ಎತ್ತರ, ಬೇಕಾದ ದಿನ ಇವಿಷ್ಟು ಇರುತ್ತವೆ. ಪೂರ್ವ ರೇಖಾಂಶ 74.3ರಿಂದ 75.2ರವರೆಗೆ, ಉತ್ತರ ಅಕ್ಷಾಂಶ 16.3ರಿಂದ 16.9ರವರೆಗೆ ಎಂದು ಕೇಳಿದರೆ ಈ ಐದೂ ಪಟ್ಟಣಗಳು ಒಂದೇ ಚಿತ್ರದಲ್ಲಿ ಅಡಗುತ್ತವೆ. ಚಿತ್ರವು 900 ಚುಕ್ಕಿ ಅಗಲ, 600 ಚುಕ್ಕಿ ಎತ್ತರ ಇರಲೆಂದುಕೊಳ್ಳೋಣ. ಆಗ ಒಂದೊಂದು ಚುಕ್ಕಿಯೂ ಡಿಗ್ರಿಯ ಸಾವಿರದ ಒಂದು ಪಾಲು. ನೆಲದ ಮೇಲೆ ಅದು ಸುಮಾರು 110 ಮೀಟರ್. ನಿಪ್ಪಾಣಿಯು ಸುಮಾರು 74.38 ರೇಖಾಂಶ, 16.40 ಅಕ್ಷಾಂಶದಲ್ಲಿದೆ. ಆದುದರಿಂದ ಅದು ಎಡ ಅಂಚಿನಿಂದ 80ನೆಯ, ಮೇಲಿನ ಅಂಚಿನಿಂದ 500ನೆಯ ಚುಕ್ಕಿಯ ಬಳಿ ಬೀಳುತ್ತದೆ. ಅಥಣಿಯು ಬಲಕ್ಕೆ ಸರಿದು 760 ಮತ್ತು 170ರ ಬಳಿ ಕಾಣಿಸುತ್ತದೆ. ಸರ್ವರ್ ಹೀಗೆಯೇ ಲೆಕ್ಕ ಹಾಕಿ 5,40,000 ಚುಕ್ಕಿಗಳಿಗೂ ಬಣ್ಣ ತುಂಬುತ್ತದೆ: ಮೊದಲು ನೆಲ, ಅದರ ಮೇಲೆ ರಸ್ತೆ ಮತ್ತು ಊರು, ಎಲ್ಲಕ್ಕೂ ಮೇಲೆ ನೆರೆಯ ನೀಲಿ.

ಆ ನೀಲಿಯನ್ನು ಎಲ್ಲಿ ತುಂಬಬೇಕೆಂಬುದನ್ನು ತಿಳಿಸುವುದು ಉಪಗ್ರಹ. ಮಳೆಗಾಲದ ಮೋಡವನ್ನು ಸಾಮಾನ್ಯ ಕ್ಯಾಮೆರಾ ಭೇದಿಸಲಾರದು. ರೇಡಾರ್ ಅಲೆಗಳು ಅದನ್ನು ದಾಟಿ ಹೋಗಬಲ್ಲವು. ಶಾಂತವಾದ ನೀರು ಕನ್ನಡಿಯಂತೆ ಆ ಅಲೆಗಳನ್ನು ಬೇರೆಡೆಗೆ ಚಿಮ್ಮಿಸಿಬಿಡುವುದರಿಂದ, ರೇಡಾರ್ ಚಿತ್ರದಲ್ಲಿ ನೀರು ನಿಂತ ಜಾಗವು ಕಪ್ಪಾಗಿ ತೋರುತ್ತದೆ. ನಮ್ಮ ದೇಶವು 2012ರಲ್ಲಿ ರಿಸ್ಯಾಟ್-1, 2022ರಲ್ಲಿ ಇಒಎಸ್-04 ಎಂಬ ಇಂಥ ರೇಡಾರ್ ಉಪಗ್ರಹಗಳನ್ನು ಹಾರಿಸಿತು.

ಇನ್ನು ಚಿತ್ರವನ್ನು ತೋರಿಸುವ ಚೌಕಟ್ಟಿನ ರಚನೆಯನ್ನು ನೋಡೋಣ. ಚಿತ್ರ ಬರುವ ಮುನ್ನವೇ ಅದಕ್ಕೆ ತಕ್ಕಷ್ಟು ಜಾಗವನ್ನು ಕಾದಿರಿಸಬೇಕು. ಇಲ್ಲದಿದ್ದರೆ ಚಿತ್ರ ಬಂದೊಡನೆ ಓದುತ್ತಿದ್ದ ಸಾಲುಗಳು ಕೆಳಕ್ಕೆ ಜಾರುತ್ತವೆ. ಚಿತ್ರ ಬರುವವರೆಗೆ “ನಕ್ಷೆ ಸಿದ್ಧವಾಗುತ್ತಿದೆ” ಎಂದು ತಿಳಿಸಬೇಕು. ಬಾರದೆ ಹೋದರೆ “ನಕ್ಷೆ ದೊರೆಯಲಿಲ್ಲ” ಎಂದು ಒಪ್ಪಿಕೊಳ್ಳಬೇಕು. ಬರಿಯ ಬಿಳಿಯ ಜಾಗವನ್ನು ಕಂಡವನು ಅಲ್ಲಿ ನೀರೇ ಇಲ್ಲವೆಂದು ಭಾವಿಸುವ ಅಪಾಯವುಂಟು. ಕಣ್ಣು ಕಾಣದವರಿಗಾಗಿ ಚಿತ್ರದ ಸಾರವನ್ನು ಮಾತಿನಲ್ಲಿಯೂ ಬರೆದಿರಬೇಕು.

ಮತ್ತೊಂದು ಸೂಕ್ಷ್ಮವಿದೆ. ಒಬ್ಬನು ಮೊದಲು ಅಥಣಿಯ ನಕ್ಷೆಯನ್ನು ಕೇಳಿ, ಅದು ಬರುವ ಮುನ್ನವೇ ನಿಪ್ಪಾಣಿಯದನ್ನು ಕೇಳಿದನೆನ್ನಿ. ನಿಪ್ಪಾಣಿಯ ನಕ್ಷೆ ಬೇಗ ಬಂದು, ಅಥಣಿಯದು ತಡವಾಗಿ ಬರಬಹುದು. ಎಚ್ಚರವಿಲ್ಲದ ಚೌಕಟ್ಟು ಕೊನೆಗೆ ಬಂದುದನ್ನೇ ತೋರಿಸಿ, ನಿಪ್ಪಾಣಿಯೆಂಬ ಹೆಸರಿನ ಕೆಳಗೆ ಅಥಣಿಯ ನೀರನ್ನು ಇಟ್ಟುಬಿಡುತ್ತದೆ. ಆದುದರಿಂದ ಕೊನೆಯ ಬೇಡಿಕೆಗೆ ಬಂದ ಉತ್ತರವನ್ನು ಮಾತ್ರ ಸ್ವೀಕರಿಸಿ, ಉಳಿದುದನ್ನು ಬಿಟ್ಟುಬಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ವೇಳೆ. ಒಮ್ಮೆ ತಂದ ಚಿತ್ರದ ಪ್ರತಿಯನ್ನು ಬ್ರೌಸರ್ ತನ್ನಲ್ಲಿ ಇಟ್ಟುಕೊಳ್ಳಬಹುದು. ಅದೇ ವಿಳಾಸವನ್ನು ಮತ್ತೆ ಕೇಳಿದರೆ ಹಳೆಯ ಪ್ರತಿಯನ್ನೇ ಮುಂದಿಡಬಹುದು. ಬೇಡಿಕೆಯ ವಿಳಾಸದಲ್ಲಿ ವೇಳೆಯನ್ನೂ ಸೇರಿಸುವುದರಿಂದ ಈ ದೋಷ ನೀಗುತ್ತದೆ. ಆದರೆ ಅಷ್ಟರಿಂದಲೇ ಸಾಲದು. ಉಪಗ್ರಹವು ಗಳಿಗೆಗೊಮ್ಮೆ ನಮ್ಮ ಹೊಳೆಯ ಮೇಲೆ ಹಾದುಹೋಗುವುದಿಲ್ಲ. ಮೊನ್ನೆ ಕಂಡ ನೀರನ್ನು ಸರ್ವರ್ ಈ ಕ್ಷಣದಲ್ಲಿ ಬರೆದುಕೊಟ್ಟಿರಬಹುದು. ಈಗ ಬರೆದ ಚಿತ್ರ ಬೇರೆ, ಈಗ ಕಂಡ ಚಿತ್ರ ಬೇರೆ. ಹಿಟ್ಟು ಮುಗ್ಗಿದ್ದರೆ ರೊಟ್ಟಿ ಬಿಸಿಯಾಗಿದ್ದು ಏನು ಫಲ? ಆದುದರಿಂದ ಚಿತ್ರವನ್ನು ಬರೆದ ವೇಳೆಯನ್ನಲ್ಲ, ನೀರನ್ನು ಕಂಡ ದಿನ ಮತ್ತು ವೇಳೆಯನ್ನು ಚೌಕಟ್ಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯತಕ್ಕದ್ದು.

ದನಕರುಗಳನ್ನು ಹೊಡೆದುಕೊಂಡು ಊರು ಬಿಡಬೇಕೋ, ಇನ್ನೊಂದು ರಾತ್ರಿ ಕಾಯಬೇಕೋ ಎಂದು ಮೊಬೈಲನ್ನು ನೋಡುತ್ತಿರುವ ರೈತನನ್ನು ನೆನೆಯಿರಿ. ಮೊನ್ನೆಯ ನೀರನ್ನು ಇಂದಿನದೆಂದು ನಂಬಿದರೆ ಅವನ ಗತಿಯೇನು? ಒಂದು ಚುಕ್ಕಿಯೇ 110 ಮೀಟರ್ ಆಗಿರುವಾಗ, ಆ ನಕ್ಷೆಯು ಅವನ ಮನೆಯ ಹೊಸ್ತಿಲನ್ನು ತೋರಿಸಲಾರದು ಎಂಬುದನ್ನೂ ಅವನಿಗೆ ಹೇಳಬೇಕಾಗುತ್ತದೆ. ಚಿತ್ರವನ್ನು ಅಂದವಾಗಿ ತೋರಿಸುವುದು ಜಾಣತನ. ಅದು ಎಷ್ಟನ್ನು ಬಲ್ಲದು, ಎಂದಿನಿಂದ ಬಲ್ಲದು ಎಂಬುದನ್ನು ಮರೆಮಾಚದೆ ತಿಳಿಸುವುದು ಧರ್ಮ. ನಿಮ್ಮಲ್ಲಿ ಕೆಲವರು ಮುಂದೆ ಇಂಥ ಚೌಕಟ್ಟುಗಳನ್ನು ಕಟ್ಟುವಿರಿ. ಉಳಿದವರು ಅವುಗಳನ್ನು ನೋಡುವಿರಿ. ಕಟ್ಟುವವರು ವೇಳೆಯನ್ನು ಬರೆಯಲು ಮರೆಯದಿರಲಿ. ನೋಡುವವರು ಅದನ್ನು ಓದಲು ಮರೆಯದಿರಲಿ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಯಮಗರ್ಣಿಯಲ್ಲಿ ಹೆದ್ದಾರಿಯ ಸಂಚಾರವನ್ನು ನಿಲ್ಲಿಸಿದ ನದಿ ಯಾವುದು?
2. ರೇಡಾರ್ ಚಿತ್ರದಲ್ಲಿ ನೀರು ಕಪ್ಪಾಗಿ ತೋರುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. “ಈಗ ಬರೆದ ಚಿತ್ರ ಬೇರೆ, ಈಗ ಕಂಡ ಚಿತ್ರ ಬೇರೆ.” ಈ ಮಾತನ್ನು ವಿವರಿಸಿರಿ.
2. ತಡವಾಗಿ ಬಂದ ಉತ್ತರವನ್ನು ಚೌಕಟ್ಟು ಏಕೆ ಬಿಟ್ಟುಬಿಡಬೇಕು?

ಇ. ಮಾಡಿ ನೋಡಿರಿ.
ಪಾಠದಲ್ಲಿ ಹೇಳಿದ ಎಲ್ಲೆಗಳಿಗೆ ಸರಿಯಾಗಿ 9 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರದ ಚೌಕಟ್ಟನ್ನು ಬರೆದು, ಅದರಲ್ಲಿ ನಿಪ್ಪಾಣಿ ಮತ್ತು ಅಥಣಿಗಳನ್ನು ಗುರುತಿಸಿರಿ.