ಹಾರ್ಮೋನ್ ಪರೀಕ್ಷೆಗೆ ಹೊರಟಿರಾ? ಮಾತ್ರೆಗಳ ಪಟ್ಟಿ ಜೊತೆಗಿರಲಿ

ಚಿಕ್ಕಮ್ಮನ ಥೈರಾಯ್ಡ್ ರಿಪೋರ್ಟ್ ನೋಡಿ ಮನೆಮಂದಿಯೆಲ್ಲ ಗಾಬರಿಯಾದೆವು. ಟಿಎಸ್‌ಎಚ್ ತಳ ಕಂಡಿತ್ತು, ಟಿ4 ಮೇಲೇರಿತ್ತು, ಅಂದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎನ್ನುವಂಥ ಅಂಕಿಗಳು. ಆದರೆ ಅವರಿಗೆ ಎದೆ ಡವಗುಟ್ಟುತ್ತಿರಲಿಲ್ಲ, ಕೈ ನಡುಗುತ್ತಿರಲಿಲ್ಲ, ತೂಕವೂ ಇಳಿದಿರಲಿಲ್ಲ. "ಬೇರೆ ಏನೇನು ಮಾತ್ರೆ ತಗೋತೀರಮ್ಮ?" ಎಂದರು ವೈದ್ಯರು. ಬ್ಯಾಗಿನಿಂದ ಬಯೋಟಿನ್ ಸ್ಟ್ರಿಪ್ ಹೊರಬಂತು, ಕೂದಲು ಉದುರದಿರಲೆಂದು ನುಂಗುತ್ತಿದ್ದದ್ದು. ಅದನ್ನು ನಿಲ್ಲಿಸಿ, ವಾರ ಬಿಟ್ಟು ಮತ್ತೆ ರಕ್ತ ಕೊಟ್ಟರು. ಎಲ್ಲ ಸರಿಯಾಗಿತ್ತು.

1. ಕೂದಲಿನ ಮಾತ್ರೆಯ ಹಿಂಬದಿ ಓದಿ. ದಿನಕ್ಕೆ ನಮಗೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಈ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದುಂಟು, ಅಂದರೆ ನೂರಾರು ಪಟ್ಟು! ಎಷ್ಟೋ ಲ್ಯಾಬ್ ಯಂತ್ರಗಳು ಹಾರ್ಮೋನನ್ನು ಹಿಡಿಯಲು ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಅಳತೆ ತಪ್ಪುತ್ತದೆ. ಗ್ರಂಥಿ ಚೆನ್ನಾಗಿಯೇ ಇರುತ್ತದೆ, ಕೆಟ್ಟಿರುವುದು ಅಂಕಿ ಮಾತ್ರ. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದೆಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ 2 ದಿನ ಮೊದಲೇ ಬಯೋಟಿನ್ ನಿಲ್ಲಿಸಿ. ಡೋಸ್ ಹೆಚ್ಚಿದ್ದರೆ ಇನ್ನೆಷ್ಟು ದಿನ ಬೇಕೆಂದು ಕೇಳಿ.

2. ಥೈರಾಯ್ಡ್ ಮಾತ್ರೆ ತಗೊಳ್ಳುವವರು ಮೊದಲು ರಕ್ತ ಕೊಡಿ, ಆಮೇಲೆ ಮಾತ್ರೆ. ನುಂಗಿದ ಕೆಲವು ಗಂಟೆ ಟಿ4 ಏರಿರುತ್ತದೆ.

3. ಗ್ಯಾಸ್ಟ್ರಿಕ್ ಮಾತ್ರೆಯನ್ನು ಮರೆಯಬೇಡಿ. ನಮ್ಮಲ್ಲಿ ಮೆಡಿಕಲ್ ಶಾಪಿಗೆ ಹೋಗಿ ತಾವೇ ಕೇಳಿ ತರುವವರು ಬಹಳ. ಅದರಲ್ಲಿ ಡೊಂಪೆರಿಡೋನ್ ಇದ್ದರೆ, ಮುಟ್ಟು ನಿಲ್ಲಿಸಬಲ್ಲ ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರುತ್ತದೆ. ಇಲ್ಲಿ ಯಂತ್ರದ ತಪ್ಪಿಲ್ಲ, ರಕ್ತದಲ್ಲೇ ಹಾರ್ಮೋನ್ ಹೆಚ್ಚಿರುತ್ತದೆ. ಮುಟ್ಟು ನಿಂತಿತೆಂದು ಪರೀಕ್ಷೆಗೆ ಬಂದ ಹೆಣ್ಣುಮಗಳಿಗೆ ತಲೆಯ ಎಂಆರ್‌ಐ ಬರೆಯುವ ಮುನ್ನ ಈ ಮಾತ್ರೆಯ ವಿಷಯ ವೈದ್ಯರಿಗೆ ಗೊತ್ತಾಗಲೇಬೇಕು. ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ಹೀಗೆಯೇ ಪ್ರೊಲ್ಯಾಕ್ಟಿನ್ ಏರಿಸುತ್ತವೆ.

4. ಸ್ಟೀರಾಯ್ಡ್ ಅಂದರೆ ಮಾತ್ರೆಯಷ್ಟೇ ಅಲ್ಲ. ಇನ್‌ಹೇಲರ್, ಚರ್ಮದ ಮುಲಾಮು, ಮಂಡಿಗೆ ಚುಚ್ಚಿಸಿಕೊಂಡ ಇಂಜೆಕ್ಷನ್, ಎಲ್ಲವನ್ನೂ ಹೇಳಿ. ಇವು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸಾಲನ್ನು ತಗ್ಗಿಸಬಲ್ಲವು. ಪ್ರೆಡ್ನಿಸೊಲೋನ್ ಅನ್ನಂತೂ ಕೆಲವು ಯಂತ್ರಗಳು ಕಾರ್ಟಿಸಾಲ್ ಎಂದೇ ಎಣಿಸಿಬಿಡುತ್ತವೆ. ಆದರೆ ಪರೀಕ್ಷೆಗಾಗಿ ಸ್ಟೀರಾಯ್ಡನ್ನು ನೀವಾಗಿಯೇ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ.

5. ಗರ್ಭನಿರೋಧಕ ಗುಳಿಗೆಯ ವಿಷಯದಲ್ಲಿ ಸಂಕೋಚ ಬೇಡ. ಈಸ್ಟ್ರೋಜೆನ್ ಇರುವ ಗುಳಿಗೆ ಹಾರ್ಮೋನ್ ಹೊತ್ತೊಯ್ಯುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಒಟ್ಟು ಟಿ4, ಒಟ್ಟು ಕಾರ್ಟಿಸಾಲ್ ಎರಡೂ ಏರಿದಂತೆ ಕಾಣುತ್ತವೆ.

6. ಹೃದಯ ಬಡಿತದ ಏರುಪೇರಿಗೆ ಅಮಿಯೊಡರೋನ್ ತಗೊಳ್ಳುತ್ತಿದ್ದೀರಾ? 200 ಮಿಲಿಗ್ರಾಂ ಮಾತ್ರೆಯೊಂದರಲ್ಲೇ ಸುಮಾರು 75 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ಥೈರಾಯ್ಡ್ ಅಂಕಿಗಳು ಏರುಪೇರಾಗುತ್ತವೆ, ಗ್ರಂಥಿಯೇ ಕೆಡುವುದೂ ಉಂಟು. ಇದನ್ನೂ ನಿಲ್ಲಿಸಬೇಡಿ, ತಿಳಿಸಿ.

7. ಇವತ್ತೇ ಎಲ್ಲ ಸ್ಟ್ರಿಪ್‌ಗಳನ್ನು ಮೇಜಿನ ಮೇಲೆ ಹರಡಿ, ಹೆಸರು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ತರಿಸಿದ ವಿಟಮಿನ್ ಡಬ್ಬಿಯೂ ಅದರಲ್ಲಿರಲಿ. ರಕ್ತ ತೆಗೆಯುವವರಿಗೂ ತೋರಿಸಿ, ವೈದ್ಯರಿಗೂ ತೋರಿಸಿ. ರಿಪೋರ್ಟ್ ಒಂದು ಹೇಳಿ ಮೈ ಇನ್ನೊಂದು ಹೇಳುತ್ತಿದ್ದರೆ, ಹೊಸ ಔಷಧ ಶುರುಮಾಡುವ ಮುಂಚೆ "ಇನ್ನೊಮ್ಮೆ ಪರೀಕ್ಷೆ ಮಾಡಿಸೋಣವೇ ಡಾಕ್ಟ್ರೇ?" ಎಂದು ಕೇಳಿ.