ಹಳೇ ಗಾಡಿಯ ಹೊಳಪಿಗೆ ಮರುಳಾಗಬೇಡಿ

ಭತ್ತದ ದುಡ್ಡು ಕೈಗೆ ಬಂದ ಹೊತ್ತಿನಲ್ಲಿ ಗಂಗಾವತಿಯ ಹುಡುಗರಿಗೆ ಹಳೇ ಯೆಜ್ಡಿ, ಅಂಬಾಸಿಡರ್ ಮೇಲೆ ಮನಸ್ಸಾಗುವುದು ಸಹಜ. ಕುಷ್ಟಗಿ, ಯಲಬುರ್ಗಾದವರೂ ಇದಕ್ಕೆ ಹೊರತಲ್ಲ. ಆಸೆ ತಪ್ಪಲ್ಲ, "ಇಂಥಾ ಗಾಡಿ ಮತ್ತ ಸಿಗಂಗಿಲ್ಲ ನೋಡ್ರಿ" ಎಂಬ ಮಾತಿಗೆ ಬಿದ್ದು ಕೇಳಿದಷ್ಟು ಕೊಡುವುದು ತಪ್ಪು.

ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹಾಗಾಗಿ ಬಿಡಿಭಾಗ ಹುಡುಕುವ ಖರ್ಚನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಿ. ಹೊಸ ಪೇಂಟ್ ನೋಡಿ ಮೆಚ್ಚುವ ಮೊದಲು ಬಗ್ಗಿ ಅಡಿಯ ತುಕ್ಕು ನೋಡಿ. ನಂಬಿಕಸ್ಥ ಮೆಕ್ಯಾನಿಕ್‌ನನ್ನು ಕರೆದೊಯ್ದು, ತಣ್ಣಗಿರುವ ಎಂಜಿನ್ ಶುರು ಮಾಡಿಸಿ. ಆರ್‌ಸಿಯಲ್ಲಿರುವ ಎಂಜಿನ್, ಚಾಸಿ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. 15 ವರ್ಷದ ನೋಂದಣಿ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಆಗಿದೆಯೇ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

"ವಿಂಟೇಜ್ ರೀ" ಅಂದರೆ ತಟ್ಟನೆ ನಂಬಬೇಡಿ. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಷ್ಟೇ ಆ ಹೆಸರು. ಹಾಗೆ ನೋಂದಾಯಿಸಿದ್ದನ್ನು ದಿನನಿತ್ಯ ಓಡಿಸುವಂತಿಲ್ಲ.

ಕಾಗದ ನಿಮ್ಮ ಹೆಸರಿಗೆ ಆಗುವ ತನಕ ಪೂರ್ತಿ ಹಣ ಕೊಡಬೇಡಿ. ಸಾಲ ಮಾಡಿ ಕೊಳ್ಳುವುದಂತೂ ಬೇಡವೇ ಬೇಡ.