ಮನೆಯಲ್ಲಿ ಅದುಮಿದ ಗಾಳಿ

ಸೈಕಲ್ಲಿನ ಚಕ್ರಕ್ಕೆ ಕೈಪಂಪಿನಿಂದ ಗಾಳಿ ಹೊಡೆದಿರುವವರೆಲ್ಲರೂ ಸ್ವಲ್ಪ ಹೊತ್ತಿನಲ್ಲಿಯೇ ಪಂಪಿನ ಬುಡವು ಬೆಚ್ಚಗಾಗುವುದನ್ನು ಗಮನಿಸಿರಬಹುದು. ಇದು ತಿಕ್ಕಾಟದ ಫಲವೆಂದು ಅನೇಕರು ಹೇಳುವರು. ತಿಕ್ಕಾಟದ ಪಾಲೂ ಇರುವುದೇನೋ ನಿಜ. ಆದರೆ ಮುಖ್ಯ ಕಾರಣವು ಬೇರೆ. ಗಾಳಿಯನ್ನು ಅದುಮುವಾಗ ನಮ್ಮ ತೋಳು ಮಾಡುವ ಕೆಲಸವು ಗಾಳಿಯ ಅಣುಗಳ ವೇಗವನ್ನು ಹೆಚ್ಚಿಸುವುದು; ಅಣುಗಳ ವೇಗ ಹೆಚ್ಚಿತೆಂದರೆ ಉಷ್ಣತೆಯು ಏರಿತೆಂದೇ ಅರ್ಥ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು, ಶಾಖವು ಹೊರಹೋಗಲು ಎಡೆಗೊಡದೆ, ವಾಯುಮಂಡಲದ ಒತ್ತಡದ ಎಂಟರಷ್ಟು ಒತ್ತಡಕ್ಕೆ ಅದುಮಿದರೆ ಅದರ ಉಷ್ಣತೆಯು ಲೆಕ್ಕದ ಪ್ರಕಾರ ಸುಮಾರು 275 ಡಿಗ್ರಿಗೆ ಏರಬೇಕು. ನಿಜವಾದ ಯಂತ್ರದಲ್ಲಿ ಶಾಖದ ಒಂದಂಶವು ಲೋಹದ ಗೋಡೆಗಳ ಮೂಲಕ ಹೊರಬೀಳುವುದರಿಂದ ಅಷ್ಟು ಏರುವುದಿಲ್ಲ.

ಮನೆಯ ಬಳಕೆಗೆಂದು ಈಗ ಅಂಗಡಿಗಳಲ್ಲಿ ದೊರೆಯುವ ಪುಟ್ಟ ಕಂಪ್ರೆಸರುಗಳು ಈ ಕೈಪಂಪಿನ ಬಂಧುಗಳೇ. ತೋಳಿನ ಬದಲಿಗೆ ವಿದ್ಯುತ್ ಮೋಟಾರು, ಟ್ಯೂಬಿನ ಬದಲಿಗೆ ಉಕ್ಕಿನ ಟ್ಯಾಂಕು. ಒಳಗೆ ಆಡುವ ಪಿಸ್ಟನ್ನು, ಗಾಳಿಯನ್ನು ಒಳಕ್ಕೆಳೆಯುವ ಒಂದು ಕವಾಟ, ಟ್ಯಾಂಕಿಗೆ ದೂಡುವ ಇನ್ನೊಂದು ಕವಾಟ. ಮಾದರಿಗಳಿಗೆ ಬಣ್ಣ ಸಿಂಪಡಿಸುವುದು, ಹೊಲಿಗೆಯಂತ್ರದ ಧೂಳು ಹಾರಿಸುವುದು, ಸಣ್ಣ ಮರಗೆಲಸ ಮೊದಲಾದುವುಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಇಂಥದೊಂದನ್ನು ಕೊಳ್ಳಬಯಸುವುದು ಸಹಜ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ಒತ್ತಡದ ಅಂಕಿಯನ್ನು ನೋಡಿ ಆರಿಸಿದರೆ ಹಣ ವ್ಯರ್ಥವಾಗುವ ಸಂಭವವೇ ಹೆಚ್ಚು. ಏಕೆಂದರೆ ಉಪಕರಣವನ್ನು ನಡೆಸುವುದು ಒತ್ತಡವೊಂದೇ ಅಲ್ಲ; ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಹರಿದು ಬರುವುದೆಂಬುದು ಅದಕ್ಕಿಂತಲೂ ಮುಖ್ಯ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 24 ಲೀಟರಿನ ಟ್ಯಾಂಕು, ಒಂದು ಅಶ್ವಶಕ್ತಿಯ ಮೋಟಾರು, ಚದರ ಸೆಂಟಿಮೀಟರಿಗೆ 8 ಕಿಲೋಗ್ರಾಂ ಒತ್ತಡ (ಪಂಕ್ಚರ್ ಅಂಗಡಿಯವರ ಭಾಷೆಯಲ್ಲಿ ಸುಮಾರು 115 ಪೌಂಡು): ಮನೆಬಳಕೆಯ ಯಂತ್ರಗಳಲ್ಲಿ ಇದು ಸಾಮಾನ್ಯವಾದ ಅಳತೆ. ಇಂಥ ಯಂತ್ರವು ನಿಮಿಷಕ್ಕೆ ಸುಮಾರು 65 ಲೀಟರು ಗಾಳಿಯನ್ನು ಕೊಡುವುದೆಂದು ಇಟ್ಟುಕೊಳ್ಳೋಣ. ಇಲ್ಲಿ ಲೀಟರೆಂದರೆ ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅಳೆದ ಗಾಳಿ ಎಂದು ತಿಳಿಯತಕ್ಕದ್ದು. 1662ರಲ್ಲಿ ರಾಬರ್ಟ್ ಬಾಯಿಲನು ಪ್ರಕಟಿಸಿದ ನಿಯಮವು ಮುಂದಿನ ಲೆಕ್ಕಕ್ಕೆ ಸಾಕು. ಟ್ಯಾಂಕಿನ ಒತ್ತಡವು 8ರಿಂದ 3 ಕಿಲೋಗ್ರಾಮಿಗೆ ಇಳಿಯುವಾಗ ಹೊರಬರುವ ಗಾಳಿ 24 × 5, ಅಂದರೆ 120 ಲೀಟರು.

ಈಗ ಮೇಜಿಗೆ ಬಣ್ಣ ಹೊಡೆಯುವ ಸಾಧಾರಣ ಸ್ಪ್ರೇ ಗನ್ನನ್ನು ಇದಕ್ಕೆ ಜೋಡಿಸಿದೆವೆನ್ನಿ. ಅದು ನಿಮಿಷಕ್ಕೆ 200 ಲೀಟರನ್ನು ಬೇಡುವುದು. ಯಂತ್ರದಿಂದ ಬರುವುದು 65. ಉಳಿದ 135 ಲೀಟರು ಟ್ಯಾಂಕಿನ ದಾಸ್ತಾನಿನಿಂದಲೇ ಹೋಗಬೇಕು. 120 ಲೀಟರಿನ ದಾಸ್ತಾನು ಒಂದು ನಿಮಿಷವೂ ತಾಳದು! ಮೇಜಿನ ಅರ್ಧಭಾಗ ಮುಗಿಯುವ ಮೊದಲೇ ಗಾಳಿ ಸೊರಗಿ, ಬಣ್ಣವು ಮಂಜಿನಂತೆ ಬೀಳುವ ಬದಲು ಹನಿಹನಿಯಾಗಿ ಬೀಳುವುದು. ಅದೇ ಯಂತ್ರಕ್ಕೆ ಚಿತ್ರಕಾರರ ಏರ್‌ಬ್ರಷ್ಷನ್ನು ಜೋಡಿಸಿದರೆ ಅದಕ್ಕೆ ಬೇಕಾಗುವುದು ನಿಮಿಷಕ್ಕೆ ಸುಮಾರು 20 ಲೀಟರು ಮಾತ್ರ. ಮೋಟಾರು ಮೂರರಲ್ಲಿ ಒಂದು ಪಾಲು ಹೊತ್ತು ಓಡಿ ಉಳಿದ ಹೊತ್ತು ವಿಶ್ರಮಿಸುವುದು. ಮೊದಲು ಹೇಳಿದ ಶಾಖದ ಕಾರಣದಿಂದ ಪುಟ್ಟ ಯಂತ್ರಗಳಿಗೆ ಈ ವಿಶ್ರಾಂತಿ ಅಗತ್ಯ. ಆದುದರಿಂದ ಮೊದಲು ಉಪಕರಣವನ್ನು ಗೊತ್ತುಮಾಡಿಕೊಂಡು, ಅದು ಬೇಡುವ ಗಾಳಿಯ ಒಂದೂವರೆಯಷ್ಟನ್ನಾದರೂ ಕೊಡುವ ಯಂತ್ರವನ್ನು ಹುಡುಕುವುದು ಸರಿಯಾದ ಕ್ರಮ. ಸೈಕಲ್ಲಿನ ಚಕ್ರಕ್ಕೆ ಏಳೆಂಟು ಲೀಟರು ಗಾಳಿ ಸಾಕು. ಕೇವಲ ಅದಕ್ಕಾಗಿ ಕಂಪ್ರೆಸರನ್ನು ಕೊಳ್ಳುವುದು ದುಂದುವೆಚ್ಚವೆಂದೇ ನಮ್ಮ ಅಭಿಪ್ರಾಯ.

ಪೆಟ್ಟಿಗೆಯ ಮೇಲೆ ಲೀಟರುಗಳ ಅಂಕಿಯೂ ಇರುವುದುಂಟು. ಆದರೆ ಅದು ಯಾವ ಅಂಕಿ? ಪಿಸ್ಟನ್ನು ನಿಮಿಷಕ್ಕೆ ಗುಡಿಸುವ ಗಾತ್ರವನ್ನು ಕೆಲವರು ಅಚ್ಚುಮಾಡುವರು. ನಿಜವಾಗಿ ಹೊರಬರುವ ಗಾಳಿಯು ಅದಕ್ಕಿಂತ ಎಷ್ಟೋ ಕಡಮೆ, ಪುಟ್ಟ ಯಂತ್ರಗಳಲ್ಲಿ ಕೆಲವೊಮ್ಮೆ ಅರ್ಧದಷ್ಟು. ಹೀಗಾಗಲು ಕಾರಣವುಂಟು. ಪಿಸ್ಟನ್ನು ತುತ್ತತುದಿಗೆ ಹೋದಾಗಲೂ ಅದಕ್ಕೂ ಮುಚ್ಚಳಕ್ಕೂ ನಡುವೆ ಸ್ವಲ್ಪ ಎಡೆ ಉಳಿದಿರಬೇಕು. ಇಲ್ಲದಿದ್ದರೆ ಎರಡೂ ಬಡಿದುಕೊಳ್ಳುವುವು. ಆ ಎಡೆಯಲ್ಲಿ ಸಿಕ್ಕಿಕೊಂಡ ಅದುಮಿದ ಗಾಳಿಯು ಪಿಸ್ಟನ್ನು ಹಿಂದಕ್ಕೆ ಸರಿದೊಡನೆ ಹಿಗ್ಗಿ ಜಾಗವನ್ನು ಆಕ್ರಮಿಸುವುದು. ಅದು ಹಿಗ್ಗಿ ಮುಗಿಯುವವರೆಗೂ ಹೊರಗಿನ ಹೊಸ ಗಾಳಿಗೆ ಪ್ರವೇಶವಿಲ್ಲ. ಟ್ಯಾಂಕಿನ ಒತ್ತಡ ಏರಿದಷ್ಟೂ ಈ ನಷ್ಟವು ಹೆಚ್ಚುವುದು. ಆದುದರಿಂದ ಇಂಥ ಒತ್ತಡದಲ್ಲಿ ಇಷ್ಟು ಲೀಟರು ಎಂದು ಸ್ಪಷ್ಟವಾಗಿ ಬರೆದಿರುವ ಅಂಕಿಯನ್ನೇ ಕೇಳಿ ಪಡೆಯಬೇಕು.

ಇನ್ನು ಸದ್ದಿನ ವಿಷಯ. ವಠಾರಗಳಲ್ಲಿಯೂ ಬಹುಮಹಡಿ ಕಟ್ಟಡಗಳಲ್ಲಿಯೂ ವಾಸಿಸುವವರಿಗೆ ಇದು ಸಣ್ಣ ಸಂಗತಿಯಲ್ಲ. ನಮ್ಮ ದೇಶದಲ್ಲಿ 2000ದಲ್ಲಿ ಜಾರಿಗೆ ಬಂದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ 45 ಡೆಸಿಬೆಲ್ ಎಂಬ ಮಿತಿಯನ್ನು ಗೊತ್ತುಮಾಡಿವೆ. ಅಗ್ಗದ ಕಂಪ್ರೆಸರೊಂದು ಹತ್ತಿರದಲ್ಲಿ 80ರಿಂದ 90 ಡೆಸಿಬೆಲ್ ಸದ್ದುಮಾಡುವುದು. ‘ಸದ್ದಿಲ್ಲದ್ದು’ ಎಂದು ಮಾರುವ ಬಗೆಯಲ್ಲಿ 60ರ ಆಸುಪಾಸು. ಅಂಕಿಗಳ ಅಂತರವು ಅಲ್ಪವೆಂದು ತೋರಬಹುದು. ಆದರೆ ಡೆಸಿಬೆಲ್ ಎಂಬುದು ಮೆಟ್ಟಿಲು ಮೆಟ್ಟಿಲಾಗಿ ಗುಣಿಸುತ್ತ ಹೋಗುವ ಮಾನ: ಹತ್ತು ಹೆಚ್ಚಿದರೆ ಶಬ್ದದ ಶಕ್ತಿ ಹತ್ತುಪಟ್ಟು, ಇಪ್ಪತ್ತು ಹೆಚ್ಚಿದರೆ ನೂರುಪಟ್ಟು. ಕಿವಿಗೆ ಮಾತ್ರ ಹತ್ತು ಡೆಸಿಬೆಲ್ಲಿನ ಏರಿಕೆಯು ಸುಮಾರು ಇಮ್ಮಡಿ ಗಟ್ಟಿಯೆಂದು ತೋರುವುದು. ಎಷ್ಟು ದೂರದಲ್ಲಿ ಅಳೆದುದೆಂದು ಹೇಳದ ಡೆಸಿಬೆಲ್ ಅಂಕಿಗೆ ಬೆಲೆಯಿಲ್ಲ. ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುವುದು. ನಾಲ್ಕು ಗೋಡೆಗಳ ನಡುವೆ ಪ್ರತಿಧ್ವನಿಯ ದೆಸೆಯಿಂದ ಅಷ್ಟು ಇಳಿಯದು.

ಸದ್ದಿನ ಮೂಲವು ಬಹುಮಟ್ಟಿಗೆ ಮೋಟಾರಿನ ವೇಗದಲ್ಲಿದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಎರಡು ಧ್ರುವಗಳ ಇಂಡಕ್ಷನ್ ಮೋಟಾರು ಇದರಲ್ಲಿ ನಿಮಿಷಕ್ಕೆ ಸುಮಾರು 2,800 ಸುತ್ತು, ನಾಲ್ಕು ಧ್ರುವಗಳದು ಸುಮಾರು 1,400 ಸುತ್ತು ತಿರುಗುವುದು. ನಿಧಾನವಾಗಿ ತಿರುಗುವ ಯಂತ್ರದಲ್ಲಿ ಕವಾಟಗಳ ಬಡಿತವೂ ಗಾಳಿಯನ್ನು ಎಳೆದುಕೊಳ್ಳುವ ಬುಸುಗುಡಿತವೂ ಕಡಮೆ. ಆದರೆ ಅರ್ಧ ವೇಗದಲ್ಲಿ ಅಷ್ಟೇ ಗಾಳಿಯನ್ನು ಕೊಡಬೇಕಾದರೆ ಸಿಲಿಂಡರು ದೊಡ್ಡದಾಗಬೇಕು, ಇಲ್ಲವೆ ಎರಡಾಗಬೇಕು. ಮೋಟಾರಿನ ತಾಮ್ರ ಉಕ್ಕುಗಳೂ ಹೆಚ್ಚುವುವು. ಮೌನವಾದ ಯಂತ್ರವು ಭಾರವಾಗಿಯೂ ದುಬಾರಿಯಾಗಿಯೂ ಇರುವುದು ಇದರಿಂದಲೇ. ಕೈಚೀಲದಷ್ಟು ಹಗುರವಾದುದು ಮೌನವಾಗಿಯೂ ಇದ್ದು ಧಾರಾಳವಾಗಿ ಗಾಳಿ ಕೊಡುವುದೆಂದು ಅಂಗಡಿಯವರು ಹೇಳಿದರೆ ನಂಬುವ ಮೊದಲು ಓಡಿಸಿ ತೋರಿಸುವಂತೆ ಕೇಳಬೇಕು.

ಹಳೆಯ ರೆಫ್ರಿಜಿರೇಟರಿನ ಕಂಪ್ರೆಸರನ್ನು ಕಿತ್ತು ಬಳಸುವ ಹವ್ಯಾಸವೊಂದುಂಟು. ಉಕ್ಕಿನ ಕವಚದೊಳಗೆ ಸ್ಪ್ರಿಂಗುಗಳ ಮೇಲೆ ಕುಳಿತಿರುವುದರಿಂದ ಅದರ ಸದ್ದು ಅತ್ಯಲ್ಪವೆಂಬುದು ನಿಜ. ಆದರೆ ಅದರ ಗಾಳಿಯೊಡನೆ ಎಣ್ಣೆಯ ತುಂತುರು ಬರುವುದು, ತಾನಾಗಿ ನಿಲ್ಲುವ ಏರ್ಪಾಡು ಇರದು, ಈಚಿನ ರೆಫ್ರಿಜಿರೇಟರುಗಳ ಶೀತಕಾನಿಲಗಳಲ್ಲಿ ಕೆಲವು ಹೊತ್ತಿ ಉರಿಯುವಂಥವು. ವಿದ್ಯಾರ್ಥಿಗಳು ಇದಕ್ಕೆ ಕೈಹಾಕದಿರುವುದು ಒಳ್ಳೆಯದು.

ಯಂತ್ರವನ್ನು ಬಾಲ್ಕನಿಯಲ್ಲಿಟ್ಟು ಒಳಗೆ ಕೆಲಸ ಮಾಡಬೇಕಾದರೆ ವಿದ್ಯುತ್ ತಂತಿಯನ್ನು ಉದ್ದಮಾಡಬಾರದು. ಗಾಳಿಯ ಕೊಳವೆಯನ್ನು ಉದ್ದಮಾಡಬೇಕು. ಹೊರಡುವ ಕ್ಷಣದಲ್ಲಿ ಮೋಟಾರು ವಾಡಿಕೆಯ ಐದಾರು ಪಾಲು ವಿದ್ಯುತ್ತನ್ನು ಎಳೆಯುವುದು. ತೆಳುವಾದ ಉದ್ದ ತಂತಿಯಲ್ಲಿ ವೋಲ್ಟೇಜು ಕುಸಿದು ಅದು ತಿರುಗಲಾರದೆ ಸುಟ್ಟುಹೋಗಬಹುದು. ಭೂಸಂಪರ್ಕವುಳ್ಳ 16 ಆಂಪಿಯರಿನ ಸಾಕೆಟ್ಟಿಗೇ ಜೋಡಿಸತಕ್ಕದ್ದು.

ಟ್ಯಾಂಕಿನ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಹೆಚ್ಚಲ್ಲ. 24 ಲೀಟರಿನ ಟ್ಯಾಂಕಿನಲ್ಲಿ 8 ಕಿಲೋಗ್ರಾಂ ಒತ್ತಡದ ಗಾಳಿ ಇದ್ದರೆ, ಅದು ಒಮ್ಮೆಗೇ ಸಿಡಿದಾಗ ಹೊರಬೀಳುವ ಶಕ್ತಿಯು ಸುಮಾರು 25,000 ಜೂಲು. 50 ಕಿಲೋಗ್ರಾಮಿನ ಸಿಮೆಂಟು ಮೂಟೆಯೊಂದು 50 ಮೀಟರು ಎತ್ತರದಿಂದ ಬಿದ್ದಂತೆ. ಉಕ್ಕಿನ ಟ್ಯಾಂಕನ್ನು ಒಳಗಿನಿಂದ ತಿನ್ನುವ ವೈರಿಯೆಂದರೆ ನೀರು. ಮಳೆಗಾಲದಲ್ಲಿ ಮಂಗಳೂರು ಕಾರವಾರಗಳಂಥ ಕಡೆ, 30 ಡಿಗ್ರಿಯಲ್ಲಿ ತೇವಾಂಶವು ನೂರಕ್ಕೆ 80ರಷ್ಟಿದ್ದರೆ, ಒಂದು ಘನಮೀಟರು ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುವುದು. ಗಾಳಿಯನ್ನು ಅದುಮಿ ತಣಿಸಿದಾಗ ಅಷ್ಟು ಆವಿಗೆ ಇಂಬಿಲ್ಲದೆ ಹೆಚ್ಚಿನ ಭಾಗವು ನೀರಾಗುವುದು. ಟ್ಯಾಂಕನ್ನು ಒಮ್ಮೆ ತುಂಬಿಸುವಷ್ಟರಲ್ಲಿ ನಾಲ್ಕು ಗ್ರಾಮಿಗೂ ಹೆಚ್ಚು ನೀರು ತಳದಲ್ಲಿ ಸೇರುವುದೆಂದು ಲೆಕ್ಕಹಾಕಬಹುದು. ಕೆಲಸ ಮುಗಿದೊಡನೆ ಒತ್ತಡವನ್ನು ಇಳಿಸಿ, ತಳದ ತಿರುಪನ್ನು ಬಿಚ್ಚಿ ಆ ನೀರನ್ನು ಹರಿಯಬಿಡಬೇಕು. ತುಕ್ಕು ತಿಂದ ಟ್ಯಾಂಕನ್ನು ಬೆಸುಗೆ ಹಾಕಿಸಿ ಬಳಸುವುದು ಸಲ್ಲದು. ಸುರಕ್ಷಾ ಕವಾಟವಿಲ್ಲದ ಯಂತ್ರವನ್ನು ಮುಟ್ಟಲೇಬಾರದು.

ಗಾಳಿಯ ಮೊನೆಯನ್ನು ಯಾರ ಮೈಯ ಕಡೆಗೂ ತಿರುಗಿಸಬಾರದು. 2024ರಲ್ಲಿ ಬೆಂಗಳೂರಿನ ವಾಹನ ದುರಸ್ತಿಯ ಸ್ಥಳವೊಂದರಲ್ಲಿ ಹುಡುಗಾಟಕ್ಕೆಂದು ಗೆಳೆಯನು ದೇಹದೊಳಕ್ಕೆ ಗಾಳಿ ಬಿಟ್ಟುದರಿಂದ ಯುವಕನೊಬ್ಬನು ಪ್ರಾಣ ಕಳೆದುಕೊಂಡನು. ಬಟ್ಟೆಯ ಧೂಳನ್ನು ಹಾರಿಸಲು ಕೂಡ ಇದನ್ನು ಬಳಸತಕ್ಕದ್ದಲ್ಲ. ಚರ್ಮದ ಗಾಯದ ಮೂಲಕ ಗಾಳಿಯು ಒಳಹೊಕ್ಕೀತು, ಹಾರಿದ ಚೂರು ಕಣ್ಣನ್ನು ಕೆಡಿಸೀತು.

ಅಂಗಡಿಯಲ್ಲಿ ಪರೀಕ್ಷಿಸಲು ಒಂದು ಕೈಗಡಿಯಾರ ಸಾಕು. ಯಂತ್ರವನ್ನು ಓಡಿಸಿ, ಒತ್ತಡದ ಮುಳ್ಳು 5ರಿಂದ 7 ಕಿಲೋಗ್ರಾಮಿಗೆ ಏರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು. 24 ಲೀಟರಿನ ಟ್ಯಾಂಕಾದರೆ ಅಷ್ಟರಲ್ಲಿ ಒಳಸೇರಿದ ಗಾಳಿ 48 ಲೀಟರು. 45 ಸೆಕೆಂಡು ಹಿಡಿದಿದ್ದರೆ ನಿಮಿಷಕ್ಕೆ 64 ಲೀಟರೆಂದಾಯಿತು. ಈ ಅಂಕಿಯನ್ನು ಪೆಟ್ಟಿಗೆಯ ಅಂಕಿಯೊಡನೆ ಹೋಲಿಸಿ ನೋಡಬಹುದು. ಬಳಿಕ ಮೋಟಾರನ್ನು ಅದರ ಗುಂಡಿಯಿಂದಲೇ ನಿಲ್ಲಿಸಬೇಕು. ಆಗ ಕೇಳುವ ‘ಸುಯ್’ ಎಂಬ ಸದ್ದು ಪಿಸ್ಟನ್ನಿನ ಮೇಲಿನ ಒತ್ತಡವು ಬಿಡುಗಡೆಯಾದುದರ ಗುರುತು. ಹತ್ತು ನಿಮಿಷ ತಣಿಯಲು ಬಿಟ್ಟರೆ ಮುಳ್ಳು ತುಸು ಇಳಿಯುವುದು. ಅದು ಬಿಸಿಗಾಳಿ ಕುಗ್ಗಿದುದರ ಫಲ, ಸೋರಿಕೆಯಲ್ಲ. ಆಮೇಲೂ ಇಳಿಯುತ್ತಲೇ ಹೋದರೆ ಜೋಡಣೆಗಳಿಗೆ ಸಾಬೂನಿನ ನೀರನ್ನು ಸವರಿ, ಗುಳ್ಳೆ ಏಳುವ ಎಡೆಯನ್ನು ಅಂಗಡಿಯವರಿಗೆ ತೋರಿಸಬಹುದು.